ಅಳತೆಹಕ್ಕಿಯ ಬಟ್ಟೆ

ಐವತ್ತು ದಾಟಿದವರ ಕಣ್ಣೊಳಗೆಲ್ಲ ಕೂಡಿಸಿದ ಮಸೂರವೇ ಇದ್ದ ಕಾಲ. ಆ ಮಸೂರ ಹತ್ತಿರದ್ದನ್ನು ಎಷ್ಟು ಚೊಕ್ಕವಾಗಿ ತೋರಿಸುತ್ತದೆಂದು ನೋಡಲು ವರ್ಷಕ್ಕೊಮ್ಮೆ ಅಳತೆಹಕ್ಕಿಯೆಂಬ ಯಂತ್ರ ಮನೆಮನೆಗೆ ಹಾರಿಬರುತ್ತಿತ್ತು. ಇಳಕಲ್ಲಿನ ನೇಕಾರರ ಓಣಿಯಲ್ಲಿ ನೀಲಗಂಗವ್ವ ಮೊಮ್ಮಗಳ ಮದುವೆಯ ಸೀರೆ ನೇಯುತ್ತಿದ್ದಾಗ ಅದು ಕಿಟಕಿಯಿಂದ ಬಂದು ಮಗ್ಗದ ಮೇಲೆ ಕೂತಿತು. ಕಾಲಲ್ಲಿದ್ದ ಅಕ್ಷರದ ಬಟ್ಟೆಯನ್ನು ಆಕೆಯ ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿಯಿತು.

“ಓದ್ರಿ, ಯಮ್ಮಾ.”

“ಸಾಲಿ ಕಲ್ತಾಕಿ ಅಲ್ಲಪಾ ನಾನು. ಹ್ವಾದ ವರ್ಷದ ಹಕ್ಕಿ ಸೂಜಿ ಪೋಣಸಾಕ ಹಚ್ಚಿತ್ತು.”

“ಈ ವರ್ಷ ಅಕ್ಷರ ಅಷ್ಟ. ಓದಲಿಲ್ಲಂದ್ರ ಮಸೂರ ಕೆಟ್ಟೈತಿ ಅಂತ ಬರಕೋತೀನಿ. ತಗದು ಹೊಸಾದು ಕೂಡ್ಸಾಕ ಎರಡು ತಿಂಗಳು. ಅಲ್ಲೀತನಕ ಮಗ್ಗ ಬಂದ್.”

ಮದುವೆಗೆ ಉಳಿದದ್ದು ಇಪ್ಪತ್ತೇ ದಿನ. ಸೆರಗು ಇನ್ನೂ ಅರ್ಧಕ್ಕಿತ್ತು. ನೀಲಗಂಗವ್ವ ಲಾಳಿ ಕೆಳಗಿಟ್ಟು ಬಟ್ಟೆಯನ್ನು ದಿಟ್ಟಿಸಿದಳು. ಅಕ್ಷರಗಳು ಸಾಲಿರುವೆಯಂತೆ ಸ್ಪಷ್ಟವಾಗಿ ಕಂಡವು, ಅವುಗಳ ಹೆಸರು ಮಾತ್ರ ಗೊತ್ತಿಲ್ಲ. ನಲವತ್ತು ವರ್ಷದ ರೂಢಿ. ಕಣ್ಣು ತಾನಾಗಿಯೇ ನೇಯ್ಗೆಯ ಮೇಲೆ ಹೋಯಿತು.

“ಇದನ್ಯಾರು ನೇದಾರೋ? ಮೂರನೇ ಸಾಲಿನ ಕೆಳಗ ಅಡ್ಡ ಎಳಿ ಒಂದು ತಪ್ಪೈತಿ.”

ಹಕ್ಕಿ ಬಟ್ಟೆಯನ್ನು ತನ್ನ ಗಾಜುಗಣ್ಣಿನ ಹತ್ತಿರ ತಂದುಕೊಂಡಿತು. “ನನಗ ಕಾಣವಲ್ದು.”

“ನಿನಗ ವಯಸ್ಸೆಷ್ಟು?”

“ನಾಕು ವರ್ಷ.”

“ನಾಕಕ್ಕ ಚಾಳೀಸು ಬಂತೇನೋ, ಪಾಪ! ಬಿಸಿಲಿಗೆ ಹಿಡಿ.”

ಕಿಟಕಿಯ ಬಿಸಿಲಿಗೆ ಹಿಡಿದಾಗ ತಪ್ಪಿದ ಎಳೆಯ ಜಾಗದಲ್ಲಿ ಸಣ್ಣ ಬೆಳಕಿನ ಗೆರೆ ಮೂಡಿತು. ಹಕ್ಕಿ ದೊಡ್ಡದಾಗಿ ಹೇಳುತ್ತಲೇ ಬರೆದುಕೊಂಡಿತು: “ನೀಲಗಂಗವ್ವನ ಮಸೂರ ಚಲೋ ಐತಿ. ಹಕ್ಕಿಯ ಮಸೂರ ಬದಲಿ ಮಾಡಬೇಕು.”

ನೀಲಗಂಗವ್ವ ನಗುತ್ತ ಲಾಳಿ ಎತ್ತಿಕೊಂಡಳು.

“ಹೊಸಾ ಕಣ್ಣು ಕೂಡ್ಸಿಕೊಂಡು ಮದುವಿಗೆ ಬಾ. ಸೆರಗಿನಾಗ ಒಂದು ತಪ್ಪು ಹುಡಿಕಿದ್ರ ಹೋಳಿಗಿ ಹಾಕ್ತೀನಿ.”

“ನಾ ಹೋಳಿಗಿ ತಿನ್ನೂದಿಲ್ರಿ.”

“ಚಲೋನ ಆತು. ಹೆಂಗೂ ನಿನಗ ಸಿಗೂದಿಲ್ಲ.”