ಬಂದರಿನ ಬೀಳ್ಕೊಡುಗೆ

ಬಂದರಿನಲ್ಲಿ ಆಡಿದ ಮಾತನ್ನೆಲ್ಲ ಯಂತ್ರಗಳು ಒಪ್ಪಂದವೆಂದೇ ದಾಖಲಿಸುತ್ತಿದ್ದ ಕಾಲ. ಎರಡು ಬಣಗಳ ಮಹಾಯುದ್ಧದಲ್ಲಿ ನಮ್ಮ ದೇಶ ತಟಸ್ಥವಾಗಿತ್ತು. ನೀರು ತುಂಬಿಸಿಕೊಂಡು ಹೊರಟ ಒಂದು ಬಣದ ಯುದ್ಧನೌಕೆಗೆ ಕಾವಲಿನ ದೇವಕಿ ಅಭ್ಯಾಸಬಲದಿಂದ "ಹೋಗಿ ಬನ್ನಿ" ಎಂದಳು. ಯಂತ್ರ ಅದನ್ನು ಮರಳಿ ಬರುವ ಆಹ್ವಾನವೆಂದು ಜಗತ್ತಿಗೆ ಸಾರಿತು. ಸೂರ್ಯಾಸ್ತದೊಳಗೆ ಅದನ್ನು ಹಿಂತೆಗೆದುಕೊಳ್ಳದಿದ್ದರೆ ಕಡಲಲ್ಲಿರುವ ನಿಮ್ಮ ದೋಣಿಗಳನ್ನೆಲ್ಲ ಮುಳುಗಿಸುತ್ತೇವೆ ಎಂದು ಎದುರು ಬಣ ಗಡುವು ಕೊಟ್ಟಿತು. ಆಹ್ವಾನವನ್ನು ರದ್ದು ಮಾಡಲು ಮಂತ್ರಿಯ ಬಾಯಿಮಾತೇ ಬೇಕಿತ್ತು. ಮಂತ್ರಿ ಓಡಿ ಬಂದರು.

"'ಹೋಗಿ, ಬರಬೇಡಿ' ಅಂದ್ಬಿಡಿ ಸ್ವಾಮಿ. ನನ್ನ ಗಂಡ ದೋಣಿ ತಗೊಂಡು ಕಡಲಲ್ಲಿದ್ದಾರೆ," ಎಂದಳು ದೇವಕಿ.

"ಥೂ! ಹೊರಟವರಿಗೆ ಯಾರಾದ್ರೂ ಹಾಗಂತಾರಾ ಮಾರಾಯ್ತಿ? ಅಪಶಕುನ!"

ಮಂತ್ರಿ ಪುರೋಹಿತರಿಗೆ ಫೋನ್ ಮಾಡಿ, ಆ ಮಾತಾಡಲು ಮುಹೂರ್ತ ಕೇಳಿದರು.

"ನಾಳೆ ಬೆಳಿಗ್ಗೆ ಪ್ರಶಸ್ತವಾಗಿದೆಯಂತೆ," ಎಂದು ಅವರು ನಿರಾಳವಾಗಿ ಹೇಳುವಷ್ಟರಲ್ಲಿ ಹೊತ್ತು ಮುಳುಗಿತ್ತು. ದೋಣಿಗಳು ಇನ್ನೂ ಬಂದಿರಲಿಲ್ಲ.