ಬುಟ್ಟಿ ತುಂಬ ಬೂದಿ

ಬೆಟ್ಟದ ನೆತ್ತಿಯ ಹಿಮನದಿಗಳೆಲ್ಲ ಕರಗಿಹೋದ ಮೇಲೆ ಹಿಮಾಲಯದ ಲಾಹೌಲ್ ಕಣಿವೆಯ ಹೆಂಗಸರು ಮನೆಗೊಂದು ಮರಿಹಿಮ ಸಾಕತೊಡಗಿದ್ದರು. ಚಳಿಗಾಲವಿಡೀ ಹಿತ್ತಿಲಲ್ಲಿ ನೀರುಣಿಸಿ, ಹೆಸರಿಟ್ಟು ಕರೆದರೆ ಅದು ದನದ ಹಾಗೆ ಮೈಹೊರಳಿಸಿ ಬೆಳೆಯುತ್ತಿತ್ತು. ಬೇಸಿಗೆಯಲ್ಲಿ ಅದು ಕೊಡುವ ನೀರಿನಲ್ಲೇ ಜವೆಗೋಧಿ ಬೆಳೆಯಬೇಕು.

ಅಂಗ್ಮೋಳ ಹಿಮ ಈ ಸಲವೂ ಕರುವಿನಷ್ಟೇ. ಗೋಡೆಯಾಚೆ ಕಿರಿಯ ವಾರಗಿತ್ತಿ ಪಾಲ್ಜೋಮಳದು ಮಾಡಿನ ಎತ್ತರಕ್ಕೆ ಬೆಳೆದು ಗೊರಕೆ ಹೊಡೆಯುತ್ತಿತ್ತು. ಅತ್ತೆ ದಿನಾ ಅಲ್ಲಿಗೇ ಹೋಗಿ ಅದರ ಬೆನ್ನು ಸವರುತ್ತಿದ್ದಳು. ಅದನ್ನು ನೋಡಿ ನೋಡಿ ಅಂಗ್ಮೋಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಬಿತ್ತನೆಗೆ ಮುಂಚೆ ಹೊಲದ ಹಿಮ ಬೇಗ ಕರಗಲೆಂದು ಹಿಡಿ ಬೂದಿ ಎರಚುವುದು ಅಲ್ಲಿನ ರೂಢಿ. ಪಾಲ್ಜೋಮ್ ತವರಿಗೆ ಹೋದ ದಿನ ಅಂಗ್ಮೋ ಒಲೆಯ ಬೂದಿ ಹೊತ್ತು ಗೋಡೆ ದಾಟಿದಳು. ಒಂದು ಹಿಡಿ ಎರಚಿದಳು. ಹೊಟ್ಟೆಯ ಉರಿ ತಣಿಯಲಿಲ್ಲ. ಬುಟ್ಟಿಗಟ್ಟಲೆ ತಂದು ಸುರಿದು, ಬಿಳಿ ಒಂದಿಷ್ಟೂ ಕಾಣದ ಹಾಗೆ ಮುಚ್ಚಿದ ಮೇಲೆಯೇ ಕೈ ಕೊಡವಿದ್ದು.

ಆ ಬೇಸಿಗೆಯ ಬಿಸಿಲು ಊರಿನ ಹಿಮವನ್ನೆಲ್ಲ ಕುಡಿದುಹಾಕಿತು. ಅಂಗ್ಮೋಳದು ಎಲ್ಲಕ್ಕಿಂತ ಮೊದಲು ಹೋಯಿತು. ಪಾಲ್ಜೋಮಳದೊಂದೇ ಬೂದಿಯ ದಪ್ಪ ಕಂಬಳಿಯ ಕೆಳಗೆ ತಣ್ಣಗೆ ಮಲಗಿತ್ತು.

ಪಾಲ್ಜೋಮ್ ಗೋಡೆಯ ಮೇಲಿಂದ ಖಾಲಿ ಬುಟ್ಟಿ ನೀಡಿದಳು.

"ಅವತ್ತು ಇಲ್ಲೇ ಮರೆತು ಹೋಗಿದ್ರಿ ಅಕ್ಕ. ತೆಳ್ಳಗೆ ಎರಚಿದ್ರೆ ಕರಗುತ್ತೆ, ದಪ್ಪಗೆ ಹೊದಿಸಿದ್ರೆ ಉಳಿಯುತ್ತೆ ಅಂತ ನಂಗೆ ಹೊಳೆದೇ ಇರ್ಲಿಲ್ಲ. ನಿಮ್ಮ ಹೊಲಕ್ಕೂ ನೀರು ತಿರುಗಿಸಿದೀನಿ."

ಅವಳು ಬೈದಿದ್ದರೆ ಅಂಗ್ಮೋ ಹೇಗೋ ತಡೆದುಕೊಳ್ಳುತ್ತಿದ್ದಳು. ಈಗ ಅವಳ ಒಳ್ಳೆಯತನವನ್ನು ಕಂಡೂ ಹೊಟ್ಟೆ ಉರಿಯಿತು.