ಮಂಚದ ಕೆಳಗಿನ ಟೈಗರ್

ಮನೆಗೆ ಬಂದು ಆರು ದಿನವಾದರೂ ಟೈಗರ್ ಮಂಚದ ಕೆಳಗಿಂದ ಹೊರಬಿದ್ದಿರಲಿಲ್ಲ. ಬಸವಲಿಂಗ ನೆಲದ ಮೇಲೆ ಬೋರಲು ಮಲಗಿ, ಕೈಯಲ್ಲಿ ಬಿಸ್ಕತ್ತು ಹಿಡಿದು, ಸಾಹೇಬರ ಮುಂದೆ ರಜೆಯ ಅರ್ಜಿ ಚಾಚಿದ ಗುಮಾಸ್ತನಂತೆ ಗೋಗರೆಯುತ್ತಿದ್ದ.

“ಟೈಗರ್, ಕಮ್! ಟೈಗರ್, ಇಕಡೆ ಯೇ!”

ಇಂಗ್ಲಿಷೂ ಆಯಿತು, ಮರಾಠಿಯೂ ಆಯಿತು. ಟೈಗರ್ ಗೋಡೆಯ ಕಡೆ ಮುಖ ತಿರುಗಿಸಿತು.

ಮರಾಠಿ ಸೀಮೆಯ ಬಿಬವೇವಾಡಿಯ ಆ ಮನೆಯ ಹಿಂದಿನ ತಂತಿಯಿಂದ ಮೂರು ಬನಿಯನ್ ಕಳುವಾದ ಮೇಲೆ ಬಸವಲಿಂಗ ನಾಯಿ ಸಾಕಲು ಹೊರಟಿದ್ದ. ಅವನಿಗೆ ಬೇಕಾದದ್ದು, ಕಂಡರೆ ಕಳ್ಳರು ಬನಿಯನ್ ಬಿಚ್ಚಿಟ್ಟು ಓಡುವಂಥ ಅಲ್ಸೇಷನ್. ಬೀದಿನಾಯಿಗಳ ಆಶ್ರಯಧಾಮದ ಸುಲಭಾಬಾಯಿ ತೋರಿಸಿದ್ದು ಐದಾರು ವರ್ಷದ, ಯಾವ ಜಾತಿಗೂ ಸೇರದ, ಒಂದು ಕಿವಿ ನಿಂತ, ಒಂದು ಕಿವಿ ಬಿದ್ದ ಕಂದು ನಾಯಿ. ದೀಪಾವಳಿಯ ಪಟಾಕಿಗೆ ಹೆದರಿ ಎಲ್ಲಿಂದಲೋ ಓಡಿಬಂದದ್ದು, ಟೈಗರ್ ಎಂದು ತಾವೇ ಹೆಸರಿಟ್ಟದ್ದು, ಸ್ವಭಾವ ಬಹಳ ನಾಚಿಕೆಯದು ಎಂದು ಆಕೆ ಮರಾಠಿಯಲ್ಲಿ ವಿವರಿಸಿದಳು.

ಹೆಂಡತಿ ರೇಣು ಅಲ್ಲೇ ಪಟ್ಟು ಹಿಡಿದಳು. “ಕಚ್ಚೋ ಮಂದಿ ಮನ್ಯಾಗ ಸಾಕಷ್ಟು ಅದಾರ್ರಿ. ಇದನ್ನ ತೊಗೊಳ್ರಿ.”

ಈಗ, ವಾರವಿಡೀ ಊರಲ್ಲಿದ್ದು ಅಂದೇ ಮರಳಿದ್ದ ಅವ್ವ ಬಸವಣ್ಣೆವ್ವ ಅಡುಗೆಮನೆಯಿಂದ ಕೂಗಿದಳು: “ಬಸ್ಯಾ, ಚಾ ಆರ್ತದ, ಬಾರೋ!”

ಬಸವಲಿಂಗ ಏಳುವಷ್ಟರಲ್ಲಿ ಟೈಗರ್ ಅವನ ಬೆನ್ನ ಮೇಲೆ ಕಾಲಿಟ್ಟು ಅಡುಗೆಮನೆ ಮುಟ್ಟಿತ್ತು.

“ನಿನ್ನ ದನಿಗಿ ಅಂಜಿ ಬಂತು ನೋಡವ್ವಾ,” ಎಂದ ಬಸವಲಿಂಗ. ಅವ್ವನ ದನಿಗೆ ಇಡೀ ವಠಾರವೇ ಅಂಜುತ್ತಿತ್ತು. ಅಂದಿನಿಂದ ಆಕೆ ಮಗನನ್ನು ಊಟಕ್ಕೆ ಕರೆದಾಗಲೆಲ್ಲ ಇಬ್ಬರೂ ಬಂದರು. ಉಳಿದ ಹೊತ್ತು ನಾಯಿಗೆ ಮಂಚವೇ ಗತಿ.

ಒಂದು ಭಾನುವಾರ ಬೆಳಿಗ್ಗೆ ಅದನ್ನು ಮೊದಲ ಸಲ ಮಾರ್ಕೆಟ್ ಯಾರ್ಡ್ ಕಡೆ ಕರೆದೊಯ್ದ. ಈರುಳ್ಳಿ ಲಾರಿಗಳ ಗದ್ದಲಕ್ಕೆ ನಡುಗುತ್ತಿದ್ದ ನಾಯಿ, ಒಂದು ಗಲ್ಲಿಯ ಮೂಲೆ ಬಂದದ್ದೇ ಅವನನ್ನು ಎಳೆದುಕೊಂಡು ಓಡಿತು. ಚಪ್ಪಲಿಯೊಂದು ಹಿಂದೆ ಉಳಿಯಿತು. ಯಾವ ಗಲ್ಲಿ ಎಂದು ಹೊಳೆಯುವ ಹೊತ್ತಿಗೆ ತಡವಾಗಿತ್ತು.

ಅದು ಅಣ್ಣ ಶಿವಪುತ್ರಪ್ಪನ ಗಲ್ಲಿ. ಎಂಟು ವರ್ಷದ ಹಿಂದೆ, ಸೊಲ್ಲಾಪುರದ ಮದುವೆಗೆ ಹೊರಟ ಜೀಪಿನ ಮುಂದಿನ ಸೀಟು ಯಾರಿಗೆ ಎಂದು ಮಾತು ಬೆಳೆದು, ಅಣ್ಣತಮ್ಮಂದಿರು ಮುಖ ನೋಡುವುದನ್ನೇ ಬಿಟ್ಟಿದ್ದರು. ಆ ಗದ್ದಲದಲ್ಲಿ ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂತು ಸೊಂಟ ಹಿಡಿಸಿಕೊಂಡ ಅವ್ವನೂ ಆಮೇಲೆ ಹಿರಿಯ ಮಗನ ಹೊಸ್ತಿಲು ತುಳಿದಿರಲಿಲ್ಲ. ಬಸವಲಿಂಗ ಮಾತ್ರ ಯಾರಿಗೂ ಹೇಳದೆ ಎರಡು ಸಲ ಫೋನ್ ಹಚ್ಚಿ, ಅಣ್ಣನ “ಹಲೋ” ಕೇಳಿ ಇಟ್ಟುಬಿಟ್ಟಿದ್ದ.

ನಾಯಿ ಅದೇ ಮನೆಯ ಬಾಗಿಲು ಕೆರೆಯಿತು. ಬಸವಲಿಂಗ ಸರಪಳಿ ಜಗ್ಗಿದ. ಬಾಗಿಲು ತೆರೆಯಿತು. ಅಣ್ಣನ ಕೂದಲೆಲ್ಲ ಬೆಳ್ಳಗಾಗಿತ್ತು.

“ಬಸ್ಯಾ!” ಶಿವಪುತ್ರಪ್ಪ ಹೊಸ್ತಿಲು ದಾಟಿ ಬಂದ. “ಬಂದ್ಯಾ ನನ್ನಪ್ಪಾ? ನೀ ಇಲ್ದ ಉಂಡದ್ದು ಮೈಗಿ ಹತ್ತಿಲ್ಲಲೇ.”

ಎಂಟು ವರ್ಷದ ಬಿಗುಮಾನ ಅಲ್ಲೇ ಕರಗಿತು. ಬಸವಲಿಂಗ ಕಣ್ಣೊರೆಸಿಕೊಂಡು, ಎರಡೂ ಕೈ ಚಾಚಿ, “ಅಣ್ಣಾ, ತಪ್ಪು ನಂದೂ ಅದ...” ಎನ್ನುತ್ತ ಒಂದೇ ಚಪ್ಪಲಿಯಲ್ಲಿ ಮುಂದೆ ಬಂದ.

ಅಣ್ಣ ಆ ಕೈಗಳ ಕೆಳಗೆ ನುಸುಳಿ, ನೆಲಕ್ಕೆ ಕೂತು, ನಾಯಿಯನ್ನು ತಬ್ಬಿಕೊಂಡ.